ಹಿರಿಯರು ಬೀಳುವ ಮುನ್ನ: ಅಪಾಯವನ್ನು ಮನೆಯಲ್ಲೇ ಗುರುತಿಸುವ ಬಗೆ

ಮನೆಯ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದರೆ ಎಲ್ಲರೂ ಮೊದಲು ದೂರುವುದು ಒದ್ದೆ ನೆಲವನ್ನು. ಆದರೆ ಅದೇ ನೆಲದ ಮೇಲೆ ಉಳಿದವರು ದಿನವೂ ಓಡಾಡುತ್ತಾರೆ, ಬೀಳುವುದಿಲ್ಲ. ಕಾಲಿನ ಸ್ನಾಯುಗಳ ಶಕ್ತಿ ಕುಂದಿರುವುದು, ಕಣ್ಣು ಮಂಜಾಗಿರುವುದು, ಮಾತ್ರೆಯ ಮಂಪರು, ಎದ್ದೊಡನೆ ರಕ್ತದೊತ್ತಡ ಇಳಿಯುವುದು ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕೂಡಿಕೊಂಡಿರುವಾಗ ನೆಲದ ನೀರು ಕೊನೆಯ ನೆಪವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾವನ್ನಪ್ಪುತ್ತಾರೆ. ಅವರಲ್ಲಿ 60 ವರ್ಷ ದಾಟಿದವರ ಪಾಲು ದೊಡ್ಡದು.

ಮೊದಲನೆಯದಾಗಿ, ಕಳೆದ ಒಂದು ವರ್ಷದಲ್ಲಿ ಎಂದಾದರೂ ಬಿದ್ದದ್ದುಂಟೇ ಎಂದು ನೇರವಾಗಿ ಕೇಳಿ. ಒಮ್ಮೆ ಬಿದ್ದವರು ಮತ್ತೆ ಬೀಳುವ ಸಂಭವ ಹೆಚ್ಚು. ಮಕ್ಕಳು ಗಾಬರಿಯಾಗುತ್ತಾರೆ, ಹೊರಗೆ ಹೋಗಲು ಬಿಡುವುದಿಲ್ಲ ಎಂಬ ಅಳುಕಿನಿಂದ ಅನೇಕರು ಇದನ್ನು ಮುಚ್ಚಿಡುವುದರಿಂದ, ಗದರಿಸುವ ಧ್ವನಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ.

ಎರಡನೆಯದು ಮಾತ್ರೆಗಳ ಡಬ್ಬಿ. ಬಚ್ಚಲಿಗೆ ದುಬಾರಿ ಟೈಲ್ಸ್ ಹಾಕಿಸುವ ಮೊದಲು ಇದನ್ನು ನೋಡಬೇಕೆಂಬುದು ನನ್ನ ಒತ್ತಾಯ. ಅವರು ಸೇವಿಸುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಾವೇ ತಂದ ನೆಗಡಿ ಮಾತ್ರೆಯನ್ನೂ ಸೇರಿಸಿ, ಒಂದೆಡೆ ಹರಡಿ ಪಟ್ಟಿ ಮಾಡಿ. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್‌ನಂತಹ ನಿದ್ರೆ ಮತ್ತು ಆತಂಕದ ಮಾತ್ರೆಗಳು, ರಕ್ತದೊತ್ತಡದ ಔಷಧಗಳು, ಮೂತ್ರ ಹೆಚ್ಚಿಸುವ ಮಾತ್ರೆಗಳು, ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್, ಸಕ್ಕರೆಯ ಮಟ್ಟವನ್ನು ತೀರಾ ಇಳಿಸಬಲ್ಲ ಇನ್ಸುಲಿನ್ ಮೊದಲಾದವು ಬೀಳುವ ಅಪಾಯವನ್ನು ಹೆಚ್ಚಿಸಬಲ್ಲವು. ಬೇರೆ ಬೇರೆ ವೈದ್ಯರು ಬೇರೆ ಬೇರೆ ಕಾಲದಲ್ಲಿ ಬರೆದುಕೊಟ್ಟದ್ದನ್ನು ಯಾರೂ ಒಟ್ಟಾಗಿ ನೋಡಿರುವುದಿಲ್ಲ. ಪಟ್ಟಿಯನ್ನು ಒಬ್ಬ ವೈದ್ಯರ ಮುಂದಿಟ್ಟು ವಿಚಾರಿಸಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ನಿದ್ರೆ ಮಾತ್ರೆಯನ್ನು ಥಟ್ಟನೆ ಬಿಡುವುದೂ ಅಪಾಯವೇ.

ಮೂರನೆಯದಾಗಿ, ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ, ಬಳಿಕ ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷದಲ್ಲಿ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ಇಲ್ಲವೇ ನಿಂತಾಗ ತಲೆ ಸುತ್ತಿದರೆ, ವೈದ್ಯರಿಗೆ ತಿಳಿಸಬೇಕು. ಬಿಸಿನೀರು ರಕ್ತನಾಳಗಳನ್ನು ಹಿಗ್ಗಿಸಿ ಒತ್ತಡವನ್ನು ತಗ್ಗಿಸುತ್ತದೆ. ಎಣ್ಣೆಸ್ನಾನದ ದಿನ ಅಂಗಾಲಿನ ಜಿಡ್ಡೂ ಅದಕ್ಕೆ ಸೇರುವುದರಿಂದ, ಕುರ್ಚಿಯ ಮೇಲೆ ಕುಳಿತು ಸ್ನಾನ ಮಾಡಿ ನಿಧಾನವಾಗಿ ಏಳುವುದು ಕ್ಷೇಮ.

ನಾಲ್ಕನೆಯದು ನಡಿಗೆಯ ಪರೀಕ್ಷೆ. ಕೈಯಿರುವ ಕುರ್ಚಿಯಿಂದ ಮೂರು ಮೀಟರ್ ದೂರದಲ್ಲಿ ನೆಲದ ಮೇಲೆ ಗೆರೆ ಎಳೆಯಿರಿ. ಹಿರಿಯರು ಎದ್ದು, ತಮ್ಮ ಎಂದಿನ ವೇಗದಲ್ಲಿ ಗೆರೆಯವರೆಗೆ ನಡೆದು, ತಿರುಗಿ ಬಂದು ಕುಳಿತುಕೊಳ್ಳಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದರ್ಥ. ಏಳುವಾಗ ಕೈಯೂರಿದರೇ, ತಿರುಗುವಾಗ ಸಣ್ಣ ಸಣ್ಣ ಹೆಜ್ಜೆಗಳನ್ನಿಟ್ಟು ತಡವರಿಸಿದರೇ ಎಂಬುದನ್ನೂ ಗಮನಿಸಿ. ಕಾಲಿನ ಬಲವನ್ನು ಈ ವಯಸ್ಸಿನಲ್ಲೂ ಗಳಿಸಬಹುದು: ಫಿಸಿಯೊಥೆರಪಿಸ್ಟ್ ತೋರಿಸಿಕೊಟ್ಟಂತೆ ಕುರ್ಚಿಯಿಂದ ಎದ್ದು ಕೂರುವ, ಗೋಡೆಯ ಆಸರೆಯಲ್ಲಿ ಹಿಮ್ಮಡಿ ಎತ್ತುವ ವ್ಯಾಯಾಮಗಳನ್ನು ಬಿಡದೆ ಮಾಡಬೇಕು. ಬೀಳುವ ಭಯದಿಂದ ಮೂಲೆಯಲ್ಲಿ ಕುಳಿತುಬಿಟ್ಟರೆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ.

ಕಣ್ಣಿನ ಪೊರೆ, ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದ, ಸವೆದ ಹವಾಯಿ ಚಪ್ಪಲಿ ಇವನ್ನೂ ಪರಿಶೀಲಿಸಿ.

ಮನೆಯನ್ನು ಹಗಲಿನಲ್ಲಿ ನೋಡಿದರೆ ಸಾಲದು. ರಾತ್ರಿ ಮೂತ್ರಕ್ಕೆಂದು ಅವರು ಏಳುವ ಹೊತ್ತಿನಲ್ಲಿ, ಅವರ ಹಾಸಿಗೆಯಿಂದಲೇ ಹೊರಟು ಬಚ್ಚಲಿನವರೆಗೆ ನಡೆದು ನೋಡಿ. ಸ್ವಿಚ್ಚು ಕೈಗೆಟುಕುತ್ತದೆಯೇ, ಹೊಸ್ತಿಲು ಕಾಣುತ್ತದೆಯೇ, ಕಾಲೊರಸು ಜಾರುತ್ತದೆಯೇ ಎಂಬುದು ಆಗ ತಿಳಿಯುತ್ತದೆ. ಬಚ್ಚಲಲ್ಲಿ ಅವರು ಆಸರೆಗೆ ಹಿಡಿಯುವುದು ಬಹುಶಃ ಟವೆಲ್ ನೇತುಹಾಕುವ ಕಂಬಿಯನ್ನು. ಅದು ದೇಹದ ಭಾರ ತಾಳುವಂಥದ್ದಲ್ಲ. ಅವರ ಕೈ ಸಹಜವಾಗಿ ಎಲ್ಲಿಗೆ ಹೋಗುತ್ತದೆಂದು ನೋಡಿಕೊಂಡು, ಅಲ್ಲೇ ಗೋಡೆಗೆ ಗಟ್ಟಿಯಾದ ಹಿಡಿಕೆಯನ್ನು ಕೂರಿಸಿ.

ಇಷ್ಟಾಗಿಯೂ ಬಿದ್ದರೆ ಕೂಡಲೇ ಎಳೆದೆಬ್ಬಿಸಬೇಡಿ. ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಅಲುಗಿಸದೆ 108ಕ್ಕೆ ಕರೆ ಮಾಡಿ. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ಸೇವಿಸುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಅವರು ಚೆನ್ನಾಗಿಯೇ ಮಾತನಾಡುತ್ತಿದ್ದರೂ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.