ಲಕ್ವ ಹೊಡೆದ ತೋಳಿಗೆ ಗಿಳಿ ಅಟ್ಟುವ ಆಟ: ನನ್ನ ಅನುಭವ

ದಾವಣಗೆರೆಯಲ್ಲಿ ಫಿಸಿಯೋಥೆರಪಿ ನೀಡುವ ನನ್ನ ಬಳಿ ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳಲು ಬರುವವರಲ್ಲಿ ಜಗಳೂರು, ಚನ್ನಗಿರಿ ಕಡೆಯ ಹಳ್ಳಿಗಳವರು ಬಹಳ ಮಂದಿ. ಅವರು ದಿನವೂ ಬಸ್ಸು ಹಿಡಿದು ಬರಲಾರರು. ಚೀಟಿಯಲ್ಲಿ ಬರೆದುಕೊಟ್ಟ ವ್ಯಾಯಾಮವಾದರೋ ಮನೆಯಲ್ಲಿ ನಾಲ್ಕು ದಿನ ನಡೆದು ನಿಂತುಹೋಗುತ್ತದೆ. ಅದಕ್ಕಾಗಿಯೇ ಸಾಫ್ಟ್‌ವೇರ್ ಬಲ್ಲ ಗೆಳೆಯರೊಬ್ಬರ ನೆರವಿನಿಂದ, ತೋಳನ್ನು ಪಕ್ಕಕ್ಕೆ ಎತ್ತಿದರೆ ಮೆಕ್ಕೆಜೋಳದ ತೆನೆಯ ಮೇಲಿನ ಗಿಳಿಗಳು ಹಾರಿಹೋಗುವ ಮೊಬೈಲ್ ಆಟವೊಂದನ್ನು ಸಿದ್ಧಪಡಿಸಿದೆ.

ಇದಕ್ಕೆ ಬಳಸಿದ್ದು ಗೂಗಲ್ 2020ರಲ್ಲಿ ಹೊರತಂದ, ದೇಹದ ಭಂಗಿಯನ್ನು ಗುರುತಿಸುವ ತಂತ್ರಾಂಶ ಬ್ಲೇಜ್‌ಪೋಸ್. ಅದು ಸಾಮಾನ್ಯ ಕ್ಯಾಮೆರಾದ ದೃಶ್ಯದಲ್ಲಿಯೇ ದೇಹದ 33 ಬಿಂದುಗಳನ್ನು ಗುರುತಿಸುತ್ತದೆ. 2010ರಲ್ಲಿ ಬಂದ, ಮೈಯ ಚಲನೆಯನ್ನು ಗುರುತಿಸುವ ಕ್ಯಾಮೆರಾ ಸಾಧನವಾದ ಕಿನೆಕ್ಟ್‌ನಂತಹ ಪ್ರತ್ಯೇಕ ಉಪಕರಣ ಬೇಕಿಲ್ಲ. ಲೆಕ್ಕವೆಲ್ಲ ಮೊಬೈಲಿನೊಳಗೇ ನಡೆಯುವಂತೆ ಮಾಡಿದ್ದರಿಂದ ರೋಗಿಯ ವಿಡಿಯೊ ಮನೆಯಿಂದ ಹೊರಗೆ ಹೋಗುವುದಿಲ್ಲ.

ನಿಜವಾದ ಕೆಲಸವಿದ್ದದ್ದು ಅಂಕ ಕೊಡುವ ಕ್ರಮದಲ್ಲಿ. ತೋಳು ಏಳದಿದ್ದಾಗ ರೋಗಿಗಳು ಭುಜವನ್ನು ಕಿವಿಯ ಕಡೆಗೆ ಏರಿಸಿ, ಮೈಯನ್ನು ಇನ್ನೊಂದು ಪಕ್ಕಕ್ಕೆ ವಾಲಿಸಿ ಕೈಯನ್ನು ಮೇಲಕ್ಕೆ ತರುತ್ತಾರೆ. ಕೈಯ ಎತ್ತರವನ್ನಷ್ಟೇ ನೋಡುವ ಆಟ ಇದಕ್ಕೂ ಅಂಕ ಕೊಟ್ಟು, ನಾವು ಬಿಡಿಸಬೇಕಾದ ಅಭ್ಯಾಸವನ್ನೇ ಗಟ್ಟಿಮಾಡುತ್ತದೆ. ಆದ್ದರಿಂದ ಸೊಂಟ, ಭುಜ, ಮೊಣಕೈಗಳ ನಡುವಿನ ಕೋನವನ್ನು ಅಳೆದು, ಎರಡು ಭುಜಗಳನ್ನು ಸೇರಿಸುವ ಗೆರೆ ಓರೆಯಾದರೆ ಗಿಳಿ ಕದಲದಂತೆ ಮಾಡಿದೆವು. ಗುರಿಯ ಕೋನವನ್ನು ಪ್ರತಿಯೊಬ್ಬರಿಗೂ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಹಿಡಿದು ಅಳೆದೇ ನಿಗದಿಮಾಡುತ್ತೇನೆ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರು, "ಕೈ ಎತ್ತೀನಲ್ರೀ ಮೇಡಂ, ಗಿಳಿ ಯಾಕ ಹಾರವಲ್ದು?" ಎಂದು ಬೇಸರಿಸಿಕೊಂಡರು. ಅವರ ಭುಜದ ಮೇಲೆ ಮೆಲ್ಲಗೆ ಅಂಗೈಯಿಟ್ಟು ಮತ್ತೆ ಎತ್ತಿಸಿದೆ. ಕೈ ಮೊದಲಿನಷ್ಟು ಎತ್ತರಕ್ಕೆ ಹೋಗಲಿಲ್ಲ, ಆದರೆ ಗಿಳಿ ಹಾರಿತು. ಯಾವುದು ಸರಿಯಾದ ಚಲನೆ ಎಂಬುದು ನನ್ನ ವಿವರಣೆಗಿಂತ ಬೇಗ ಅವರಿಗೆ ಅದರಿಂದ ತಿಳಿಯಿತು.

ಒಂದೇ ಕ್ಯಾಮೆರಾ ಆಳವನ್ನು, ಅಂದರೆ ದೇಹದ ಭಾಗ ತನ್ನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು, ಅಂದಾಜಿಸುತ್ತದೆಯೇ ಹೊರತು ನಿಖರವಾಗಿ ಅಳೆಯಲಾರದು. ಹಾಗಾಗಿ ತೋಳನ್ನು ಪಕ್ಕಕ್ಕೆ ಎತ್ತುವಾಗ ಮೊಬೈಲಿಗೆ ಎದುರಾಗಿ, ಮುಂದಕ್ಕೆ ಎತ್ತುವಾಗ ಲಕ್ವ ಹೊಡೆದ ಭಾಗ ಮೊಬೈಲಿನ ಕಡೆಗಿರುವಂತೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಬೇಕು. ಬೆನ್ನ ಹಿಂದೆ ತೆರೆದ ಬಾಗಿಲಿದ್ದರೆ ದೇಹ ಕಪ್ಪಾಗಿ ಕಾಣುತ್ತದೆ. ಸಡಿಲವಾದ ಸೆರಗು ಸೊಂಟದ ಬಿಂದುವನ್ನು ಮರೆಮಾಡುತ್ತದೆ, ಅದನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಲು ಹೇಳುತ್ತೇನೆ. ನೋವನ್ನು ಕ್ಯಾಮೆರಾ ಕಾಣದು. ಭುಜ ನೋಯತೊಡಗಿದೊಡನೆ ಆಟ ನಿಲ್ಲಿಸಬೇಕೆಂದು ಮನೆಯವರಿಗೂ ತಿಳಿಸಿರುತ್ತೇನೆ.

ಮುಂದಿನ ಭೇಟಿಗೆ ಬಂದಾಗ ನಾನು ಮೊದಲು ತೆರೆದು ನೋಡುವುದು ಒಟ್ಟು ಅಂಕವನ್ನಲ್ಲ, ಭುಜ ಓರೆಯಾಗಿ ಗಿಳಿ ಕದಲದೆ ಉಳಿದ ಸಲಗಳನ್ನು. ಆ ಸಲಗಳ ಸಂಖ್ಯೆ ಇಳಿದಿದ್ದರೆ ಮಾತ್ರ ಗುರಿಯ ಕೋನವನ್ನು ಹೆಚ್ಚಿಸುತ್ತೇನೆ.