ಟೈಪ್ ದೋಷಕ್ಕೆ ಕಾರಣದ ಚೀಟಿ ಕಟ್ಟಿದ ನನ್ನ ಅನುಭವ

ನಾನು ಕಟ್ಟಿದ ಪುಟ್ಟ ಫಂಕ್ಷನಲ್ ಭಾಷೆಯ ಕಂಪೈಲರ್‌ನಲ್ಲಿ ಟೈಪ್ ದೋಷಗಳ (ಸಂಖ್ಯೆ, ಪಠ್ಯದಂಥ ಮೌಲ್ಯದ ಬಗೆಗಳು ಹೊಂದದಿದ್ದಾಗ ಬರುವ ದೋಷಗಳ) ಸಂದೇಶಗಳನ್ನು ಸುಧಾರಿಸಲು ಹೊರಟಾಗ ಮೊದಲು ತಿದ್ದಿದ್ದು ಪದಗಳನ್ನು. ‘ಏಕೀಕರಣ ವಿಫಲ’ (ಎರಡು ಟೈಪ್‌ಗಳನ್ನು ಒಂದಾಗಿ ಹೊಂದಿಸಲಾಗಲಿಲ್ಲ) ಎಂಬುದನ್ನು ಅಳಿಸಿ ‘ಇಲ್ಲಿ ಸಂಖ್ಯೆ ಬೇಕಿತ್ತು, ಬೂಲಿಯನ್ ಸಿಕ್ಕಿದೆ’ ಎಂದು ಬರೆದೆ. ಬೂಲಿಯನ್ ಎಂದರೆ ನಿಜ ಅಥವಾ ಸುಳ್ಳು ಎಂಬ ಮೌಲ್ಯ. ಓದಲು ಹಿತವಾಯಿತು, ತಪ್ಪು ಹುಡುಕುವ ಕಷ್ಟ ಮಾತ್ರ ಇದ್ದಷ್ಟೇ ಇತ್ತು.

ಕಣ್ಣು ತೆರೆಸಿದ್ದು ಒಂದು ಸಾಲು: ‘ಇಫ್ ಎಕ್ಸ್ ದೆನ್ ಎಕ್ಸ್ + 1 ಎಲ್ಸ್ 0’. ಷರತ್ತಿನಲ್ಲಿ ‘ಎಕ್ಸ್ > 0’ ಎಂದಿರಬೇಕಿತ್ತು, ಹೋಲಿಕೆ ಬಿಟ್ಟುಹೋಗಿತ್ತು. ಕಂಪೈಲರ್ ಬೆರಳು ತೋರಿಸಿದ್ದು ‘ಎಕ್ಸ್ + 1’ರ ಕಡೆಗೆ. ಅಲ್ಲಿ ಎಷ್ಟು ಹೊತ್ತು ದಿಟ್ಟಿಸಿದರೂ ತಪ್ಪು ಕಾಣುವುದು ಹೇಗೆ? ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ 1978ರಲ್ಲಿ ವಿವರಿಸಿದ, ಟೈಪ್‌ಗಳನ್ನು ತಾನಾಗಿಯೇ ಕಂಡುಹಿಡಿಯುವ ಅಲ್ಗಾರಿದಮ್ ಡಬ್ಲ್ಯೂವನ್ನು ನಾನು ಅಳವಡಿಸಿದ್ದೆ. ಅದು ಮೊದಲು ಎದುರಾದ ಬಳಕೆಯನ್ನು (ಇಲ್ಲಿ ಷರತ್ತು, ಹಾಗಾಗಿ ಎಕ್ಸ್ ಬೂಲಿಯನ್) ನಂಬಿ, ಆಮೇಲೆ ಬಂದದ್ದನ್ನು ದೂರುತ್ತದೆ. ಮೊದಲು ಮಾತನಾಡಿದ ಸಾಕ್ಷಿಯೇ ಸತ್ಯವಂತ ಎಂದಂತಾಯಿತು.

ಏಕೀಕರಣದ ಹೆಜ್ಜೆಗಳ ಜೊತೆಗೆ ಅವುಗಳ ಕಾರಣವನ್ನೂ ಕಾಪಿಡುವ ದಾರಿಯನ್ನು ಕಂಪ್ಯೂಟರ್ ವಿಜ್ಞಾನಿ ಮಿಚೆಲ್ ವಾಂಡ್ 1986ರಲ್ಲೇ ತೋರಿಸಿದ್ದರು. ನಾನು ಅದೇ ದಾರಿ ಹಿಡಿದೆ. ಮೊದಲು ಪ್ರೋಗ್ರಾಂ ಪೂರ್ತಿ ಓದಿ ಟೈಪ್ ಸಮೀಕರಣಗಳನ್ನು (‘ಈ ಎರಡು ಟೈಪ್‌ಗಳು ಒಂದೇ ಆಗಿರಬೇಕು’ ಎಂಬಂಥವನ್ನು) ಕಲೆಹಾಕುವುದು, ಬಿಡಿಸುವುದು ಆಮೇಲೆ. ಪ್ರತಿ ಸಮೀಕರಣಕ್ಕೂ ಒಂದು ಚೀಟಿ: ಯಾವ ಸಾಲು, ಯಾವ ಕಾಲಮ್, ಏಕೆ ಹುಟ್ಟಿತು. ‘ಇದು ಇಫ್‌ನ ಷರತ್ತು’, ‘ಇದು ಕೂಡುವಿಕೆಯ ಎಡಭಾಗ’, ಹೀಗೆ.

ಇಲ್ಲಿ ಒಂದು ವಾರ ಎಡವಿದೆ. ಟೈಪ್‌ಗಳನ್ನು ಬೆಸೆಯಲು ಯೂನಿಯನ್-ಫೈಂಡ್ ಎಂಬ, ಸಮಾನವಾದವನ್ನು ಒಂದೇ ಗುಂಪಿಗೆ ಸೇರಿಸುವ ರಚನೆಯನ್ನು ಬಳಸುತ್ತಿದ್ದೆ. ವೇಗಕ್ಕಾಗಿ ಅದು ದಾರಿಗಳನ್ನು ಮೊಟಕುಗೊಳಿಸಿ ಎಲ್ಲವನ್ನೂ ನೇರವಾಗಿ ಮೂಲಕ್ಕೆ ಜೋಡಿಸುತ್ತದೆ. ನಡುವಿನ ಚೀಟಿಗಳೆಲ್ಲ ಉದುರಿಹೋಗುತ್ತಿದ್ದವು. ಕೊನೆಗೆ ಕಾರಣಗಳಿಗೆಂದೇ ಬೇರೊಂದು ಗ್ರಾಫ್ (ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಜಾಲ) ಇಟ್ಟೆ, ಅದನ್ನು ಮೊಟಕುಗೊಳಿಸುವುದೇ ಇಲ್ಲ. ಸಂಖ್ಯೆ ಮತ್ತು ಬೂಲಿಯನ್ ಡಿಕ್ಕಿಯಾದಾಗ ಅವೆರಡರ ನಡುವಿನ ಅತಿ ಚಿಕ್ಕ ದಾರಿಯನ್ನು ಅಲ್ಲಿ ಹುಡುಕುತ್ತೇನೆ. ಮೆಮೊರಿ ಹೆಚ್ಚು ಬೇಕಾಗುತ್ತದೆ ನಿಜ, ಆದರೆ ಓದುವವರ ಅರ್ಧ ಗಂಟೆಗಿಂತ ಅದು ದುಬಾರಿಯಲ್ಲ.

ಈಗ ಅದೇ ಸಾಲಿಗೆ ಬರುವ ಸಂದೇಶ: ‘ಎಕ್ಸ್ ಅನ್ನು ಇಲ್ಲಿ ಷರತ್ತಾಗಿಯೂ, ಅಲ್ಲಿ ಸಂಖ್ಯೆಯಾಗಿಯೂ ಬಳಸಲಾಗಿದೆ.’ ಎರಡೂ ಜಾಗಗಳಿಗೆ ಅಡಿಗೆರೆ. ಯಾವುದು ತಪ್ಪೆಂದು ಕಂಪೈಲರ್ ತೀರ್ಪು ಕೊಡುವುದಿಲ್ಲ. ಅದು ಬರೆದವರಿಗೆ ಮಾತ್ರ ಗೊತ್ತು. ಒಂದು ಜಾಗದಲ್ಲಿ ಬರೆದವರೇ ಟೈಪ್ ನಮೂದಿಸಿದ್ದರೆ ಅದನ್ನು ನಂಬಿ, ಇನ್ನೊಂದನ್ನು ಮೊದಲು ತೋರಿಸುತ್ತೇನೆ.

ಇನ್ನೂ ಗೊತ್ತಾಗದ ಟೈಪ್‌ಗಳಿಗೆ ಕಂಪೈಲರ್ ಇಡುವ ಟಿ47ರಂಥ ಒಳಹೆಸರುಗಳನ್ನು ಎ, ಬಿ ಎಂದು ಬದಲಿಸಿದ್ದು, ಉದ್ದನೆಯ ಟೈಪ್‌ಗಳಲ್ಲಿ ಹೊಂದದ ಭಾಗವನ್ನಷ್ಟೇ ತೋರಿಸಿದ್ದು ಒಂದು ಸಂಜೆಯ ಕೆಲಸ. ಇನ್ನೂ ನನ್ನನ್ನು ಕಾಡುತ್ತಿರುವುದು ಅನಂತ ಟೈಪ್‌ನ ದೋಷ, ಅಂದರೆ ಒಂದು ಟೈಪ್ ತನ್ನೊಳಗೆ ತಾನೇ ಸೇರಿಕೊಂಡು ಮುಗಿಯದೆ ಬೆಳೆಯುವುದು. ಅಲ್ಲಿ ಎರಡು ತುದಿಗಳೇ ಇಲ್ಲ, ದಾರಿ ಸುತ್ತಿ ತನ್ನಲ್ಲಿಗೇ ಮರಳುತ್ತದೆ. ಸದ್ಯ ಆ ಸುತ್ತಿನ ಚೀಟಿಗಳನ್ನು ಸಾಲಾಗಿ ಮುದ್ರಿಸುತ್ತಿದ್ದೇನೆ.