ಫ್ಯಾಕ್ಟರೀಲಿ ಆಳು ಕಡಿತದ ವಾಸನೆ ಬಂದ್ರೆ ಏನು ನೋಡ್ಬೇಕು, ಏನು ಮಾಡ್ಕೋಬೇಕು

ದೊಡ್ಡ ಕಂಪನೀಲಿ ಜನ ತೆಗೆಯೋದು ಒಂದೇ ದಿನಕ್ಕೆ ಆಗೋ ಕೆಲಸ ಅಲ್ಲ, ಅದಕ್ಕೂ ಹೆಚ್ಚುಕಮ್ಮಿ ಒಂದು ಕ್ರಮ ಇರುತ್ತೆ. ಮೊದಲು ಓಟಿ ನಿಲ್ಲುತ್ತೆ, ರಿಟೈರ್ ಆದವರ ಜಾಗಕ್ಕೆ ಯಾರನ್ನೂ ತಗೊಳಲ್ಲ, ಕಾಂಟ್ರಾಕ್ಟ್ ಹುಡುಗರ ಗೇಟ್ ಪಾಸ್ ರಿನ್ಯೂ ಆಗಲ್ಲ, ಮೂರು ಶಿಫ್ಟ್ ಎರಡಾಗುತ್ತೆ, ಆಮೇಲೆ ವಿಆರ್‌ಎಸ್ (ದುಡ್ಡು ತಗೊಂಡು ತಾನಾಗೇ ಮುಂಚೆ ನಿವೃತ್ತಿ ಆಗೋ ಸ್ಕೀಮು), ಕೊನೇಲಿ ತೆಗೆಯೋರ ಹೆಸರಿನ ಲಿಸ್ಟು. 2009ರ ಜನವರೀಲಿ ಮಣ್ಣು ಅಗೆಯೋ ದೊಡ್ಡ ಮಶೀನ್ ಮಾಡೋ ಅಮೆರಿಕಾದ ಕಂಪನಿ ಕ್ಯಾಟರ್‌ಪಿಲರ್ ಸುಮಾರು 20,000 ಜನರನ್ನ ಕಮ್ಮಿ ಮಾಡ್ತೀವಿ ಅಂದಾಗ ಅದರಲ್ಲಿ ಹತ್ತಿರ ಹತ್ತಿರ 8,000 ಕಾಂಟ್ರಾಕ್ಟ್, ಏಜೆನ್ಸಿ ಕಡೆಯವರೇ. ಹಾಗಾಗಿ ಮೊದಲು ನಿಮ್ಮ ಪ್ಲಾಂಟ್ ಯಾವ ಹಂತದಲ್ಲಿದೆ ನೋಡ್ಕೊಳಿ. ರೆಡಿ ಮಾಲು ಯಾರ್ಡಲ್ಲೇ ಧೂಳು ಹಿಡೀತಿದ್ಯಾ, ಸ್ಟೋರ್ಸ್‌ಗೆ ಕೊಟ್ಟ ಇಂಡೆಂಟ್ (ಸಾಮಾನು ಬೇಕು ಅಂತ ಬರೆದ ಚೀಟಿ) ವಾಪಸ್ ಬರ್ತಿದ್ಯಾ, ಇದು ಮೀಟಿಂಗಲ್ಲಿ ಹೇಳೋ "ಯಾರೂ ಹೆದರಬೇಡಿ"ಗಿಂತ ನಂಬೋಕೆ ಲಾಯಕ್ಕು.

ಓಟಿ ನಿಂತ ದಿನಾನೇ ಕಾಗದ ಪತ್ರ ಒಟ್ಟು ಮಾಡಿ. ಅಪಾಯಿಂಟ್‌ಮೆಂಟ್ ಆರ್ಡರ್, ಸ್ಯಾಲರಿ ಸ್ಲಿಪ್, ಇಂಕ್ರಿಮೆಂಟ್ ಲೆಟರ್, ರಜೆ ಬಾಕಿ ಎಷ್ಟಿದೆ ಅನ್ನೋದು, ಎಲ್ಲಾ ಮನೇಲಿ ಇರ್ಲಿ, ಕಂಪನಿ ಇಮೇಲಲ್ಲಿ ಇದೆ ಬಿಡು ಅನ್ಕೊಂಡ್ರೆ ಲಿಸ್ಟ್ ಬಂದ ಬೆಳಗ್ಗೆ ಲಾಗಿನ್ನೇ ಆಗಲ್ಲ. ಆದ್ರೆ ಡ್ರಾಯಿಂಗು, ಕಸ್ಟಮರ್ ಡೇಟಾ ಮುಟ್ಟಬೇಡಿ, ಅದನ್ನೇ ನೆಪ ಮಾಡಿ ದುಡ್ಡು ತಡೀತಾರೆ.

ಯೂನಿಯನ್ ಇದ್ರೆ ಲಿಸ್ಟ್ ಬರೋ ಮುಂಚೇನೇ ಕೆಲಸದ ಗಂಟೆ ಹಂಚ್ಕೊಳೋ ಮಾತು ಎತ್ತಬೇಕು, ಲಿಸ್ಟ್ ಬಂದ್ಮೇಲೆ ಕೂಗಾಡಿ ಉಪಯೋಗ ಕಮ್ಮಿ. ಜರ್ಮನೀಲಿ ಕಾರ್ ಕಂಪನಿ ಫೋಕ್ಸ್‌ವ್ಯಾಗನ್‌ನಲ್ಲಿ 1993ರ ಕೊನೇಲಿ ಹೀಗೇ ಒಪ್ಪಂದ ಆಯ್ತು, ವಾರಕ್ಕೆ 36 ಗಂಟೆ ಇದ್ದಿದ್ದು 28.8ಕ್ಕೆ ಇಳೀತು, ಸಂಬಳಾನೂ ಕಮ್ಮಿ ಆಯ್ತು, ಸುಮಾರು 30,000 ಕೆಲಸ ಉಳೀತು. ಎಲ್ಲಾ ಕಡೆ ನಡೆಯುತ್ತೆ ಅಂತಲ್ಲ, ಕೇಳದೇ ಇದ್ರೆ ಮ್ಯಾನೇಜ್‌ಮೆಂಟ್ ತಾನಾಗೇ ಕೊಡಲ್ಲ ಅಷ್ಟೇ.

ಇನ್ನು ನಿಮ್ಮ ಹೆಸರೇ ಬಂತು ಅನ್ಕೊಳಿ. ಒಳಗೆ ಕರೆದು, ಕಾಗದ ಮುಂದಿಟ್ಟು, "ನೀವೇ ರಿಸೈನ್ ಮಾಡಿದ್ರೆ ರೆಕಾರ್ಡ್ ಕ್ಲೀನ್ ಇರುತ್ತೆ ನೋಡಿ" ಅಂತಾರೆ, ಮಾತು ಬಹಳ ಮೆತ್ತಗಿರುತ್ತೆ. ಅಲ್ಲೇ ಸೈನ್ ಹಾಕಬೇಡಿ! ರಾಜೀನಾಮೆ ಕೊಟ್ರೆ ತುಂಬಾ ದೇಶಗಳಲ್ಲಿ ಪರಿಹಾರ, ನಿರುದ್ಯೋಗ ಭತ್ಯೆ ಎರಡೂ ಕೈ ತಪ್ಪಬಹುದು. ಕಾಪಿ ಇಸ್ಕೊಳಿ, "ಓದಿ ಹೇಳ್ತೀನಿ" ಅನ್ನಿ, ಆಮೇಲೆ ನೋಟಿಸ್ ಪೇ (ಮುಂಚೆ ಹೇಳದೇ ತೆಗೆದ್ರೆ ಅದಕ್ಕೆ ಬದಲು ಕೊಡೋ ಸಂಬಳ), ರಜೆ ದುಡ್ಡು, ಸರ್ವಿಸ್ ಲೆಕ್ಕ ಒಂದೊಂದಾಗಿ ತಾಳೆ ನೋಡಿ. ಜಾಯಿನಿಂಗ್ ಡೇಟಲ್ಲೇ ಒಂದು ವರ್ಷ ಹೆಚ್ಚುಕಮ್ಮಿ ಆಗಿರುತ್ತೆ ಎಷ್ಟೋ ಸಲ. "ನನಗೆ ಇನ್ನೇನೂ ಬಾಕಿ ಇಲ್ಲ, ಮುಂದೆ ಕೇಸ್ ಹಾಕಲ್ಲ" ಅನ್ನೋ ಸಾಲು ಸಾಮಾನ್ಯವಾಗಿ ಕೊನೇ ಪುಟದಲ್ಲಿ ಕೂತಿರುತ್ತೆ, ಅದನ್ನ ವಕೀಲರಿಗೆ ತೋರಿಸಿ. ನೋಟಿಸ್ ಎಷ್ಟು ದಿನ ಮುಂಚೆ ಕೊಡಬೇಕು ಅನ್ನೋದು ದೇಶಕ್ಕೊಂದು ಥರ, ಅಮೆರಿಕಾದಲ್ಲಿ 1988ರ ವಾರ್ನ್ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಸಾಮಾನ್ಯವಾಗಿ 60 ದಿನ ಮುಂಚೆ ಹೇಳಬೇಕು.

ಲೋನ್ ಇದ್ರೆ ಕಂತು ತಪ್ಪೋ ಮುಂಚೆ ಬ್ಯಾಂಕಿಗೆ ಹೋಗಿ ಮಾತಾಡಿ. ಮತ್ತೆ ವೆಲ್ಡಿಂಗ್, ಕ್ರೇನ್, ಬಾಯ್ಲರ್ ಯಾವ ಟೆಸ್ಟ್ ಪಾಸ್ ಮಾಡಿದ್ರೂ ಸರ್ಟಿಫಿಕೇಟ್ ಎಷ್ಟೋ ಸಲ ಕಂಪನಿ ಫೈಲಲ್ಲೇ ಇರುತ್ತೆ, ಗೇಟ್ ಪಾಸ್ ವಾಪಸ್ ಕೊಡೋ ಮುಂಚೆ ಅದನ್ನೂ ಎಕ್ಸ್‌ಪೀರಿಯೆನ್ಸ್ ಲೆಟರನ್ನೂ ಸೀಲ್ ಹಾಕಿಸಿ ಇಸ್ಕೊಳಿ.